ಘಟ್ಟದಲ್ಲಿ ನಿಂತ ರೈಲು, ಮಗಳ ಮೊದಲ ತುತ್ತು

ನನ್ನ ಮಗಳಿಗೆ ಎಂಟು ತಿಂಗಳಾಗಿದ್ದ ಸೆಪ್ಟೆಂಬರ್ ಅದು. ಈಗ ಅವಳಿಗೆ ನಾಲ್ಕು ವರ್ಷ. ಸಕಲೇಶಪುರದ ಡಾಕ್ಟರು ಅವಳನ್ನು ತೂಗಿ ನೋಡಿ, "ಎರಡು ತಿಂಗಳಿಂದ ತೂಕ ಏರಿಲ್ಲ. ಆರು ತಿಂಗಳಾದ ಮೇಲೆ ಎದೆಹಾಲೊಂದೇ ಸಾಲದಮ್ಮ, ಮೆತ್ತಗಿನ ಊಟವೂ ಬೇಕು. ಯಾಕೆ ಶುರು ಮಾಡಿಲ್ಲ?" ಎಂದರು. ಮಂಗಳೂರಿನ ಮಕ್ಕಳ ತಜ್ಞರಿಗೆ ತೋರಿಸಲು ಚೀಟಿ ಕೊಟ್ಟರು.

ಕಾರಣ ನನ್ನ ಭಯ. ಮಗುವಿಗೆ ನಾಲ್ಕು ತಿಂಗಳಿದ್ದಾಗ ಹಾಲಲ್ಲಿ ನೆನೆಸಿದ ಬಿಸ್ಕತ್ತು ಗಂಟಲಿಗೆ ಸಿಕ್ಕಿತ್ತು. ಅಳು ಹೊರಡಲಿಲ್ಲ, ತುಟಿ ನೀಲಿಯಾಯಿತು. ಅತ್ತೆ ಓಡಿ ಬಂದು, ಬೋರಲು ಮಲಗಿಸಿಕೊಂಡು ಬೆನ್ನು ತಟ್ಟಿ ಉಳಿಸಿದರು. ಬಿಸ್ಕತ್ತು ಕೊಟ್ಟವಳು ನಾನು. ಆದರೆ ಬಾಳ್ಳುಪೇಟೆಯ ಟಯರ್ ಅಂಗಡಿಯಿಂದ ಗಂಡ ಲೋಕೇಶ ಗಾಬರಿಯಾಗಿ ಬಂದಾಗ, "ನಿಮ್ಮವ್ವ ಕೊಟ್ಟಿದ್ದು" ಅಂದುಬಿಟ್ಟೆ. ಅತ್ತೆ ಇಲ್ಲ ಎನ್ನಲಿಲ್ಲ. ಆಮೇಲೆ ಮಗುವನ್ನು ಎತ್ತಿಕೊಳ್ಳುವುದನ್ನೇ ಕಡಿಮೆ ಮಾಡಿದರು. ನಾನೋ, ಗಂಜಿ ಬಾಯಿಗಿಟ್ಟಾಗ ಮಗು ಚೂರು ಓಕರಿಸಿದರೂ ಬಟ್ಟಲು ಎತ್ತಿಟ್ಟುಬಿಡುತ್ತಿದ್ದೆ.

ಮಗುವನ್ನೆತ್ತಿಕೊಂಡು ನಾನೂ ಲೋಕೇಶನೂ ಮಂಗಳೂರಿಗೆ ಹಗಲಿನ ರೈಲು ಹತ್ತಿದೆವು. ಘಟ್ಟದಲ್ಲಿ ಹಳಿಯ ಮೇಲೆ ಮಣ್ಣು ಜಾರಿದೆಯೆಂದು ಎರಡು ಸುರಂಗಗಳ ನಡುವೆ ರೈಲು ನಿಂತಿತು. ಕಿಟಕಿಯಿಂದ ಮಂಜು ಒಳಗೇ ಬಂತು. ಎದುರು ಬದಿಯ ಮುಖಗಳೂ ಮಸುಕಾದವು. ಜನ ತಾವಾಗಿಯೇ ಪಿಸುಮಾತಿಗೆ ಇಳಿದರು. ಎಲ್ಲೋ ಕೆಳಗೆ ನೀರು ಬೀಳುವ ಸದ್ದು. ನಾವು ಎಲ್ಲಿಗೆ ಹೊರಟಿದ್ದೆವು ಎಂಬುದೂ ಒಂದು ಗಳಿಗೆ ಮರೆತುಹೋಯಿತು.

ಎದುರಿಗೆ ಸಿಸಿಲಿ ಬಾಯಿ ಎಂಬ ವಯಸ್ಸಾದ ಹೆಂಗಸು ಕೂತಿದ್ದರು. ಹೆತ್ತೂರು ಕಡೆಯ ಎಸ್ಟೇಟಿನಲ್ಲಿ ಕೆಲಸದವರ ಕೂಸುಗಳನ್ನು ನೋಡಿಕೊಳ್ಳುವ ಆಯಾ ಆಗಿದ್ದರಂತೆ. ಡಬ್ಬಿ ತೆಗೆದು ಬೇಯಿಸಿದ ನೇಂದ್ರ ಬಾಳೆಹಣ್ಣು ತಿನ್ನತೊಡಗಿದರು. ಮಗಳು ಅವರ ಬಾಯನ್ನೇ ನೋಡುತ್ತ ತಾನೂ ಬಾಯಿ ತೆರೆದಳು, ಮುಚ್ಚಿದಳು.

"ಇವಳು ನನ್ನ ಜೊತೆ ಊಟಕ್ಕೆ ಕೂತಾಯ್ತು. ಸ್ವಲ್ಪ ಕೊಡ್ಲಾ?" ಎಂದರು.

"ಬ್ಯಾಡ ಕಣ್ರೀ," ಅಂದ ಲೋಕೇಶ. "ಒಂದ್ಸಲ ನಮ್ಮವ್ವ ಬಿಸ್ಕತ್ತು ಕೊಟ್ಟು, ಮಗು ಹೋಗ್ಬುಡ್ತಿತ್ತು."

ಮಂಜಿನ ಆ ಬಿಳುಪಿನಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೇ ಹೇಳಲು ಆಯಿತೋ ಏನೋ. "ನಿಮ್ಮವ್ವ ಅಲ್ಲ. ಕೊಟ್ಟಿದ್ದು ನಾನು," ಅಂದೆ.

ಅವನು ಕಿಟಕಿ ಕಡೆ ತಿರುಗಿದ. ಆಮೇಲೆ ಮಗುವನ್ನು ನನ್ನಿಂದ ತಗೊಂಡು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡ. "ನಾನು ಹಿಡ್ಕಂಡಿರ್ತೀನಿ. ನೀನೇ ಉಣ್ಸು."

ಸಿಸಿಲಿ ಬಾಯಿ ನನ್ನ ಕೈಗೆ ಬಾಟಲಿಯ ನೀರು ಹಾಕಿ ತೊಳೆಸಿದರು. ಹಣ್ಣಿನ ನಡುವಿನ ಕರಿ ನಾರು ತೆಗೆದು, ಗಂಟಿಲ್ಲದಂತೆ ನುಣ್ಣಗೆ ಹಿಸುಕಿಸಿದರು. ಬೆರಳ ತುದಿಯಷ್ಟು ಬಾಯಿಗಿಟ್ಟೆ. ಮಗಳು ಮುಖ ಕಿವುಚಿ ಓಕರಿಸಿ ಕೆಮ್ಮಿದಳು. ನಾನು ಕೈ ಹಿಂದೆಳೆದೆ.

"ನಿಲ್ಲು ಮಾರಾಯ್ತಿ," ಎಂದರು ಅವರು. "ಕೆಮ್ಮಿನ ಸದ್ದು ಬರ್ತಾ ಉಂಟಲ್ಲ, ಸದ್ದಿದ್ರೆ ಉಸಿರು ಉಂಟು. ಅವಳು ನುಂಗೋದು ಕಲೀತಿದ್ದಾಳೆ. ಸದ್ದೇ ಇಲ್ಲದೆ ಬಣ್ಣ ತಿರುಗಿದ್ರೆ ಮಾತ್ರ ತಕ್ಷಣ ಬೋರಲು ಹಾಕಿ ಬೆನ್ನು ತಟ್ಟಬೇಕು."

ನಾನು ಕಾದೆ. ಮಗಳು ನಾಲಿಗೆ ಆಡಿಸಿದಳು, ನುಂಗಿದಳು. ಆಮೇಲೆ ನನ್ನ ಬೆರಳನ್ನೇ ಹಿಡಿದು ಬಾಯಿಗೆ ಎಳೆದುಕೊಂಡಳು. ಆರು ತುತ್ತಾದ ಮೇಲೆ ಮುಖ ತಿರುಗಿಸಿದಳು. "ಸಾಕಂತೆ. ಒತ್ತಾಯ ಬೇಡ," ಎಂದರು ಸಿಸಿಲಿ ಬಾಯಿ. ರೈಲು ಯಾವಾಗ ಹೊರಟಿತೋ ನನಗೆ ತಿಳಿಯಲೇ ಇಲ್ಲ.

ತಜ್ಞರು ಬೇರೇನೂ ತೊಂದರೆ ಇಲ್ಲ ಎಂದರು. ಊರಿಗೆ ಬಂದು ಅತ್ತೆಯ ಕಾಲ ಬಳಿ ಕೂತು ತಪ್ಪಾಯಿತು ಅಂದೆ. "ಅವತ್ತು ನೀನು ಬೆದರಿದ್ದೆ, ನಂಗೊತ್ತು," ಅಂದರು. "ಆದ್ರೂ ನೋವಾಯ್ತು ಕಣವ್ವ." ಮಾರನೆಯ ದಿನದಿಂದ ರಾಗಿ ಸರಿ ಮಾಡಿ ಉಣಿಸಿದವರು ಅವರೇ.

ಸಿಸಿಲಿ ಬಾಯಿ ಮತ್ತೆ ಸಿಗಲಿಲ್ಲ. ಆ ಮಧ್ಯಾಹ್ನ ನೆನಪಾದರೆ ಈಗಲೂ ಕನಸೇ ಅನ್ನಿಸುತ್ತದೆ. ಆದರೆ ಬೆರಳಿಗೆ ತಾಗಿದ ಆ ಹಲ್ಲಿಲ್ಲದ ಒಸಡಿನ ಬಿಸಿ ಮಾತ್ರ ಕನಸಲ್ಲ.