ಹಿಂದೆ ತಿರುಗಬಾರದೆಂಬ ನಿಯಮ

ಜಪಾನಿನ ಯುದ್ಧ ರಂಗೂನನ್ನು ದಾಟಿ ಕೊಲಂಬೊವರೆಗೆ ಬಂದ ವರ್ಷ ನಾನು ಮಂಗಳೂರಿನ ಪತ್ರಿಕೆಯೊಂದರ ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದೆ. ಬಾಂಬಿನ ಸುದ್ದಿ ಊರಿಗೆ ಮುಟ್ಟುವ ಮೊದಲು ನನ್ನ ಮೇಜಿಗೆ ಬರುತ್ತಿತ್ತು. ಕೊಲಂಬೊದ ಸುದ್ದಿ ಓದುವಾಗ ಸರಿಯಾಗಿದ್ದ ಪದವನ್ನೇ ಹೊಡೆದುಹಾಕಿದ್ದೆ. ಮುಂದಿನ ಸರದಿ ನಮ್ಮ ಬಂದರಿನದೆಂದು ಎಲ್ಲರೂ ಹೇಳುತ್ತಿದ್ದರು. ಅಮ್ಮನನ್ನು ಪೇಟೆಯಿಂದಾಚೆ ವಾಮಂಜೂರಿನ ಸೋದರಮಾವನ ಮನೆಗೆ ಕಳಿಸಿಬಿಡೋಣವೆಂದು ನಿಶ್ಚಯಿಸಿದೆ.

ಅಮ್ಮನ ಬಟ್ಟೆಗಾಗಿ ಹಳೆಯ ಟ್ರಂಕು ಬರಿದು ಮಾಡುತ್ತಿದ್ದಾಗ ಆ ಪುಸ್ತಕ ಸಿಕ್ಕಿತು. ಶಾಲೆಯ ದಿನಗಳಲ್ಲಿ ನಾನೂ ನನ್ನ ಗೆಳೆಯನೂ ಕಟ್ಟಿದ ಯುದ್ಧದಾಟದ ನಿಯಮಗಳು ಅದರಲ್ಲಿದ್ದವು. ಗೆಳೆಯ ಬಂದರಿನ ಬ್ಯಾರಿ ವ್ಯಾಪಾರಿಯೊಬ್ಬರ ಮಗ. ನನ್ನ ಸೈನಿಕರು ಹುಣಸೆಬೀಜ, ಅವನವರು ಗುಲಗಂಜಿ. ಹಂಚಿನ ಚೂರುಗಳೇ ಗುಡ್ಡ. ಕವಡೆ ಎಸೆದು ಎಷ್ಟು ಬಿತ್ತೋ ಅಷ್ಟು ಗೇಣು ನಡೆಸಬೇಕು. ಮೊದಲನೆಯ ನಿಯಮದ ಕೆಳಗೆ ಎರಡು ಗೆರೆ ಎಳೆದಿದ್ದೆವು: ಸೈನಿಕ ಹಿಂದೆ ತಿರುಗಬಾರದು.

ಅದನ್ನು ಗೆಳೆಯನಿಗೆ ತೋರಿಸಲು ಹೋದೆ. ಬರ್ಮಾ ಅಕ್ಕಿ ನಿಂತುಹೋಗಿ ಅವರ ಅಂಗಡಿ ಖಾಲಿಯಾಗಿತ್ತು. ಅವನು ಪುಟ ತಿರುವಿ ನಕ್ಕ.

"ಇದರಲ್ಲಿ ವಿಮಾನವೇ ಇಲ್ಲವಲ್ಲ ಮಾರಾಯ!"

"ಹಾಗಾದರೆ ಸೇರಿಸುವ."

ಮರುದಿನದಿಂದ ಪ್ರೆಸ್ಸು ಬಿಟ್ಟ ಮೇಲೆ ಅಂಗಡಿಯ ಅಟ್ಟದಲ್ಲಿ, ಹಲಸಿನ ಮರದ ಮೇಜಿನ ಮೇಲೆ ಹುಣಸೆಬೀಜ ಹರಡಿದೆವು. ವಿಮಾನಕ್ಕೆ ಅವನೇ ಉಪಾಯ ಹುಡುಕಿದ. ಎದ್ದು ನಿಂತು ಕಣ್ಣಿನ ಎತ್ತರದಿಂದ ಒಂದು ಮುಷ್ಟಿ ಕವಡೆ ಕೆಳಗೆ ಬಿಡುವುದು. ಕವಡೆ ತಾಗಿದ ಬೀಜ ಸತ್ತಂತೆ. ಮೇಜಿನ ಮೇಲೆ ಪಟಪಟನೆ ಕವಡೆ ಬಿದ್ದಾಗ ಇಬ್ಬರೂ ಬೆಚ್ಚಿದೆವು. ಒಂದೇ ಮುಷ್ಟಿಗೆ ನನ್ನ ಅರ್ಧ ಸೈನ್ಯ ಹೋಗಿತ್ತು. ಗುಡ್ಡದ ಮರೆಯಲ್ಲಿದ್ದವರು ಉಳಿಯಲಿ ಎಂದೆ. "ಮೇಲಿಂದ ಬೀಳುವುದಕ್ಕೆ ಮರೆ ಎಂತದು?" ಎಂದ ಅವನು. ನಾಲ್ಕು ಸಂಜೆ ತಿದ್ದಿದರೂ ಬೀಜಗಳು ಬದುಕುವಂಥ ನಿಯಮ ನಮಗೆ ಹೊಳೆಯಲಿಲ್ಲ. ಮನೆಗೆ ನಡೆಯುವಾಗ ನಾನು ಆಕಾಶ ನೋಡುತ್ತಲೇ ನಡೆಯುತ್ತಿದ್ದೆ.

ಆ ಭಾನುವಾರ ಅಮ್ಮನನ್ನು ಬಸ್ಸು ಹತ್ತಿಸಲು ಹಂಪನಕಟ್ಟೆಗೆ ಹೋದೆವು. ಟ್ರಂಕು ಹೊರಲು ಗೆಳೆಯನೂ ಬಂದಿದ್ದ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂಬದಿಗೆ ಹಂಡೆಯಂಥದ್ದೊಂದು ಕಟ್ಟಿ ಇದ್ದಲಿನ ಗ್ಯಾಸಿನಿಂದ ಓಡಿಸುತ್ತಿದ್ದರು. ಕ್ಲೀನರು ಹಂಡೆಗೆ ಗಾಳಿ ಹಾಕುತ್ತಿದ್ದ. ಜನ ಕಿಕ್ಕಿರಿದಿದ್ದರು.

ಢಮ್ಮೆಂದು ಏನೋ ಸಿಡಿಯಿತು. "ಬಾಂಬು!" ಎಂದು ಯಾರೋ ಕೂಗಿದರು.

ನಾನು ಓಡಿದೆ. ಅಮ್ಮ ಪಕ್ಕದಲ್ಲೇ ನಿಂತಿದ್ದರು. ಅವರ ಸೆರಗು ನನ್ನ ತೋಳಿಗೆ ತಾಗುತ್ತಿತ್ತು. ಆದರೂ ಓಡಿದೆ. ಒಂದು ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಬಾವುಟಗುಡ್ಡದ ಏರಿನ ಅರ್ಧಕ್ಕೆ ಉಸಿರು ಕಟ್ಟಿ ನಿಂತಾಗಲೇ ಅಮ್ಮನ ನೆನಪಾದದ್ದು. ಕೆಳಗೆ ನೋಡಲು ಧೈರ್ಯವಾಗಲಿಲ್ಲ. ಹೊಗೆ ಕಂಡರೆ ಏನು ಮಾಡಲಿ? ನೆಲ ನೋಡುತ್ತಲೇ ಇಳಿದೆ.

ಬಸ್ಸು ಅಲ್ಲೇ ಇತ್ತು. ಸಿಡಿದದ್ದು ಅದರ ಗ್ಯಾಸೇ. ಯಾರಿಗೂ ಏನೂ ಆಗಿರಲಿಲ್ಲ. ಅಮ್ಮ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು, ಗೆಳೆಯ ಅವರ ಪಕ್ಕದಲ್ಲಿದ್ದ.

"ಬಂದೆಯಾ ಮಗಾ? ಕಾಲಿಗೆ ಎಂತ ಆಯ್ತು, ರಕ್ತ ಬರ್ತಾ ಉಂಟಲ್ಲ?" ಎಂದರು ಅಮ್ಮ. ಬೇರೇನೂ ಕೇಳಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ಕೈಬೀಸಿದರು. ನನಗೆ ತಲೆ ಎತ್ತಲಾಗಲಿಲ್ಲ.

ಮೂರು ದಿನ ನಾನು ಬಂದರಿನ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಗೆಳೆಯನೇ ಪ್ರೆಸ್ಸಿನ ಬಾಗಿಲಿಗೆ ಬಂದು ಅಂಗಡಿಗೆ ಕರೆದೊಯ್ದ. ಪುಸ್ತಕದಲ್ಲಿ ಮೊದಲನೆಯ ನಿಯಮವನ್ನು ಹೊಡೆದುಹಾಕಿದ್ದ.

"ನನ್ನನ್ನು ನೋಡಿ ಹೊಡೆದದ್ದಾ?" ಎಂದು ಕೇಳಿದೆ.

"ನಿನ್ನನ್ನು ಮಾತ್ರ ಅಲ್ಲ ಮಾರಾಯ. ನಾನೂ ಓಡ್ತಿದ್ದೆ. ಒಂದು ಕಾಲು ಎತ್ತಿಯೂ ಆಗಿತ್ತು. ನಿನ್ನ ಅಮ್ಮ ಗಬಕ್ಕನೆ ಕೈ ಹಿಡಿದರು. ಅವರು ಬಿಡಲಿಲ್ಲ, ಹಾಗಾಗಿ ನಿಂತೆ, ಅಷ್ಟೇ." ಮಣಿಕಟ್ಟು ತೋರಿಸಿದ. ಬಳೆ ಒತ್ತಿದ ಜಾಗದಲ್ಲಿ ಚರ್ಮ ಇನ್ನೂ ನೀಲಿಗಟ್ಟಿತ್ತು.

ನಾನು ಅಲ್ಲೇ ಮೇಜಿಗೆ ತಲೆ ಇಟ್ಟು ಅತ್ತೆ. ಅವನು ಬೀಜಗಳನ್ನು ಜೋಡಿಸುತ್ತಿದ್ದ.

ಆ ಸಂಜೆ ಹೊಸ ನಿಯಮ ಬರೆದೆವು. ವಿಮಾನ ಬಂದಾಗ ಒಂಟಿಯಾಗಿರುವ ಸೈನಿಕ ಓಡುತ್ತಾನೆ. ಇನ್ನೊಬ್ಬನಿಗೆ ತಾಗಿ ನಿಂತವನು ಓಡುವುದಿಲ್ಲ. ಓಡಿದವನು ಸತ್ತವನಲ್ಲ, ಮತ್ತೆ ಬರಬಹುದು. ಎಷ್ಟು ಸರದಿಯ ನಂತರ ಬರಬಹುದೆಂಬುದಕ್ಕೆ ಮಾತ್ರ ಜಗಳವಾಯಿತು. ಒಂದು ಸಾಕು ಎಂದ ಅವನು. ಮೂರಾದರೂ ಬೇಕು ಎಂದು ನಾನು ಹಟ ಹಿಡಿದೆ.

ಮಂಗಳೂರಿಗೆ ಬಾಂಬು ಬೀಳಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಅಮ್ಮ ತಾವಾಗಿಯೇ ವಾಪಸು ಬಂದರು. ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಅವರೊಂದಿಗೆ ಪೇಟೆಗೆ ಹೋದಾಗಲೆಲ್ಲ ನಾನೇ ಮೊದಲು ಅವರ ಕೈ ಹಿಡಿಯುತ್ತಿದ್ದೆ. "ನಾನೆಂತ ಸಣ್ಣ ಮಗುವಾ?" ಎಂದು ಅವರು ಬೈಯುತ್ತಿದ್ದರು, ಆದರೆ ಕೈ ಬಿಡಿಸಿಕೊಳ್ಳುತ್ತಿರಲಿಲ್ಲ.