ಮೂವತ್ತೊಂಬತ್ತನ್ನು ನಲವತ್ತು ಮಾಡಿದವನು

ಆ ಭಾನುವಾರ ಶೇಷಗಿರಿರಾಯರು ಮೂವತ್ತೊಂಬತ್ತು ಹೊಡೆತಗಳಲ್ಲಿ ಆಟ ಮುಗಿಸಿದ್ದರು. ನಲವತ್ತು ಎಂದವನು ನಾನು. ಬಾಯಿ ತಪ್ಪಿ ಬಂದ ಮಾತಲ್ಲ, ಎಣಿಕೆ ತಪ್ಪಿದ್ದೂ ಅಲ್ಲ — ಬೇಕೆಂದೇ, ಅವರ ಮುಖ ನೋಡಿಕೊಂಡೇ ಹೇಳಿದೆ.

ಒಂದು ಹೊಡೆತ. ಇಷ್ಟಕ್ಕಾಗಿ ಇಷ್ಟು ವರ್ಷವಾದ ಮೇಲೆ ಕಾಗದ ಹಿಡಿದು ಕೂರಬೇಕೆ ಎಂದು ಓದುವವರಿಗೆ ಅನಿಸಬಹುದು. ನನಗೂ ಬಹಳ ಕಾಲ ಹಾಗೇ ಅನಿಸಿತ್ತು — ಅಥವಾ, ಹಾಗೆ ಅನಿಸುವಂತೆ ನಾನೇ ನೋಡಿಕೊಂಡಿದ್ದೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಶಿಕಾರಿಪುರದಲ್ಲಿ ಓವರ್‌ಸಿಯರ್ ಆಗಿದ್ದೆ. ಕಾಲುವೆ, ಕೆರೆ ಏರಿಗಳ ಕೆಲಸ. ಶೇಷಗಿರಿರಾಯರು ನಮ್ಮ ಇಂಜಿನಿಯರು. ಐವತ್ತರ ಆಸುಪಾಸಿನ ಮನುಷ್ಯ, ಸಣ್ಣ ದೇಹ, ಇಸ್ತ್ರಿ ಕೆಡದ ಅಂಗಿ. ಚಿಕ್ಕಂದಿನಲ್ಲಿ ಅವರ ಸೋದರಮಾವ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರಂತೆ. ಅಲ್ಲಿಯ ಬಿಳಿ ದೊರೆಗಳು ಆಡುವುದನ್ನು ನೋಡಿ ನೋಡಿ ರಾಯರಿಗೆ ಗಾಲ್ಫ್ ಆಟದ ಹುಚ್ಚು ಹತ್ತಿತ್ತು. ವರ್ಗವಾದ ಊರಿಗೆಲ್ಲ ನಾಲ್ಕು ಕೋಲು, ಒಂದು ಚೀಲ ಹೊತ್ತುಕೊಂಡೇ ಹೋಗುತ್ತಿದ್ದರು.

ಶಿಕಾರಿಪುರದಲ್ಲಿ ಗಾಲ್ಫ್ ಆಡುವವರು ಯಾರು? ಸೊರಬದ ರಸ್ತೆಯ ಪಕ್ಕದ ಗೋಮಾಳದಲ್ಲಿ ಅವರೇ ಒಂಬತ್ತು ಜಾಗ ಆರಿಸಿ, ಹುಲ್ಲು ಕೆರೆಸಿ, ಮರಳು ಹರಡಿಸಿ, ನಡುವೆ ಒಂದೊಂದು ಖಾಲಿ ಹಾಲುಪುಡಿ ಡಬ್ಬಿ ಹೂತರು. ಅವೇ ಕುಳಿಗಳು. ದೂರಕ್ಕೆ ಕಾಣಲೆಂದು ಪ್ರತಿ ಕುಳಿಗೂ ಕೆಂಪು ಬಟ್ಟೆಯ ಬಾವುಟ. ಅದನ್ನು ಕಂಡು ಉಡುತಡಿಯ ಕಡೆಯ ರೈತರೊಬ್ಬರು ಕಚೇರಿಗೇ ಬಂದು ನನ್ನನ್ನು ಪಕ್ಕಕ್ಕೆ ಕರೆದರು. “ಬಾವುಟ ನೆಟ್ಟೀರಂತ. ಖರೇ ಹೇಳ್ರೀ, ಗೋಮಾಳ ಸರ್ಕಾರಕ್ಕ ಹೋಗ್ತೇತೇನು?” ಆಟಕ್ಕೆ ಎಂದರೆ ಅವರು ನಂಬಲಿಲ್ಲ. ಸರ್ಕಾರದ ಮಂದಿ ಸುಮ್ಮಸುಮ್ಮನೆ ಬಾವುಟ ನೆಡುತ್ತಾರೆಯೇ ಎನ್ನುವಂತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹೋದರು. ಅಂದು ನಕ್ಕಿದ್ದೆ.

ಎದುರಾಳಿ ಇಲ್ಲದ ಆಟ ಅದು. ಒಂಬತ್ತು ಕುಳಿಗಳಿಗೂ ಒಂದೊಂದಾಗಿ ಚೆಂಡು ಮುಟ್ಟಿಸಬೇಕು. ಒಟ್ಟು ಹೊಡೆತ ಎಷ್ಟು ಕಡಿಮೆಯೋ ಅಷ್ಟು ಮೇಲು. ರಾಯರು ಆಡುತ್ತಿದ್ದದ್ದು ತಮ್ಮ ಹಿಂದಿನ ಭಾನುವಾರದ ಜೊತೆ. ಅವರ ಜೀವಮಾನದ ಒಳ್ಳೆಯ ಲೆಕ್ಕ ನಲವತ್ತೊಂದು. ಎರಡು ಸಲ ಅಲ್ಲಿಯವರೆಗೆ ಬಂದಿದ್ದರು. ನಲವತ್ತಕ್ಕೂ ಕಡಿಮೆಗೆ ಒಂದೇ ಒಂದು ಸಲ — ಅಷ್ಟೇ ಅವರ ಆಸೆ. ಮಗುವಿನ ಹಾಗೆ ಹೇಳಿಕೊಳ್ಳುತ್ತಿದ್ದರು.

ಆದರೆ ಗುರಿ ಹತ್ತಿರವಾದಂತೆ ಅವರಿಗೆ ಏನೋ ಆಗುತ್ತಿತ್ತು. ಏಳು ಕುಳಿ ಸಲೀಸಾಗಿ ಆಡಿದವರು ಎಂಟರಲ್ಲಿ ತಡವರಿಸಿ ಒಂಬತ್ತರಲ್ಲಿ ಕುಸಿಯುತ್ತಿದ್ದರು. ಅದಕ್ಕಾಗಿಯೇ, ಭಾನುವಾರಗಳಂದು ಚೀಲ ಹೊತ್ತು ಜೊತೆಗೆ ಹೋಗುತ್ತಿದ್ದ ನನ್ನ ಕೈಗೆ ಲೆಕ್ಕವನ್ನು ಕೊಟ್ಟಿದ್ದರು.

“ನೋಡಿ ನಾಗಪ್ಪ, ನಂಬರ್ ತಲೇಗೆ ಹೋಯ್ತು ಅಂದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ. ನೀವು ಎಣಿಸಿ, ಬರ್ಕೊಳಿ. ನಂಗೆ ಹೇಳ್ಬೇಡಿ. ನಾನೇ ಕೇಳಿದ್ರೂ ಹೇಳ್ಬೇಡಿ.”

ತಾವೂ ಒಳಗೊಳಗೇ ಎಣಿಸದಂತೆ ಅವರು ಒಂದು ಉಪಾಯ ಮಾಡಿದ್ದರು. ಹೊಡೆತಕ್ಕೂ ಹೊಡೆತಕ್ಕೂ ನಡುವೆ ಬೇರೆ ಮಾತು ತೆಗೆಯುವುದು. “ನಿನ್ನೆ ಏನು ಸಾರು ಮಾಡಿದ್ರಿ?” ಎನ್ನುವರು. ನಾನು ಹೇಳಬೇಕು. ಬೇಳೆ ಎಷ್ಟು ಬೆಂದಿತ್ತು, ಹುಳಿ ಹೆಚ್ಚಾಗಿತ್ತೇ — ಎಲ್ಲ ಕೇಳುವರು. ಅಷ್ಟರಲ್ಲಿ ಚೆಂಡಿನ ಹತ್ತಿರ ಬಂದಿರುತ್ತಿದ್ದೆವು. ಕರವಸ್ತ್ರದಿಂದ ಅಂಗೈ ಒರೆಸಿಕೊಂಡು, ಉಸಿರು ಪೂರ್ತಿ ಬಿಟ್ಟು, ಹೊಡೆಯುವರು.

ಒಬ್ಬ ಮನುಷ್ಯ ತನ್ನ ಭಯವನ್ನು ಬಿಚ್ಚಿ ಇನ್ನೊಬ್ಬನಿಗೆ ತೋರಿಸುವುದು — ಅದು ಎಂಥ ನಂಬಿಕೆ ಎಂದು ಆಗ ನನಗೆ ತಿಳಿಯಲಿಲ್ಲ. ಎಲ್ಲಿ ಒತ್ತಿದರೆ ನೋಯುತ್ತದೆ ಎಂಬುದಷ್ಟೇ ತಿಳಿಯಿತು.

ನನ್ನ ಮನೆ ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ. ಹೆಂಡತಿ ಗೌರಿ ಅಲ್ಲಿ, ನನ್ನ ಅಕ್ಕನ ಜೊತೆ. ಮೊದಲ ಮಗು ಹುಟ್ಟಿ ಹನ್ನೊಂದು ದಿನಕ್ಕೆ ಹೋಗಿತ್ತು. ಮತ್ತೆ ಬಸುರಿಯಾಗಿದ್ದಳು, ನಾನಿಲ್ಲದೆ ಹೆದರುತ್ತಿದ್ದಳು. ಸೊರಬಕ್ಕೆ ವರ್ಗ ಕೇಳಿ ಅರ್ಜಿ ಬರೆದು ರಾಯರ ಕೈಗೇ ಕೊಟ್ಟೆ. ಅವರು ಶಿಫಾರಸು ಮಾಡಿ ಶಿವಮೊಗ್ಗಕ್ಕೆ ಕಳಿಸಬೇಕಿತ್ತು. “ಆಗಲಿ, ನೋಡೋಣ” ಎಂದರು. ಒಂದು ತಿಂಗಳಾಯಿತು, ಎರಡಾಯಿತು. ಭಾನುವಾರವಾದರೂ ಊರಿಗೆ ಹೋಗೋಣವೆಂದರೆ ಭಾನುವಾರ ಆಟ. ಬರುವುದಿಲ್ಲ ಎಂದು ಮೇಲಧಿಕಾರಿಗೆ ಹೇಗೆ ಹೇಳುವುದು?

ಒಂದು ದಿನ ಕಚೇರಿಯ ಗುಮಾಸ್ತ ವೀರಭದ್ರಪ್ಪ ಚಹಾ ಕುಡಿಯುತ್ತ ದನಿ ತಗ್ಗಿಸಿದ. “ನಾಗಪ್ಪೋರ, ನಿಮ್ಮ ಅರ್ಜಿ ಶಿವಮೊಗ್ಗಕ್ಕ ಹೋಗೇ ಇಲ್ರೀ. ಸಾಹೇಬ್ರ ಡ್ರಾಯರ್‌ನಾಗ ಐತಿ.”

“ಯಾಕೆ?” ಎಂದೆ.

“ನೀವು ಹೋದ್ರ ಭಾನುವಾರ ಆ ಚೀಲ ಯಾರು ಹೊರಬೇಕ್ರೀ?” ಎಂದು ನಕ್ಕ.

ತಮಾಷೆಗೆ ಹೇಳಿದನೋ, ನೋಡಿಯೇ ಹೇಳಿದನೋ — ನಾನು ವಿಚಾರಿಸಲಿಲ್ಲ. ರಾಯರನ್ನೇ ನೇರ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ಅನುಮಾನ ಬಗೆಹರಿದುಬಿಡುತ್ತಿತ್ತು. ನನಗೆ ಅದು ಬಗೆಹರಿಯುವುದು ಬೇಕಿರಲಿಲ್ಲವೇನೋ. ಅಂದಿನಿಂದ ಅವರ ಒಂದೊಂದು ಮಾತಿಗೂ ಎರಡನೆಯ ಅರ್ಥ ಹುಟ್ಟಿತು. ಸಾರಿನ ವಿಷಯ ಕೇಳಿದರೆ, ನಾನೇ ಬೇಯಿಸಿಕೊಂಡು ತಿನ್ನುವುದನ್ನು ಆಡಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. “ಮನೆಯವರು ಹೇಗಿದ್ದಾರೆ?” ಎಂದರೆ, ಇವನು ಇನ್ನೆಷ್ಟು ದಿನ ತಡೆದಾನು ಎಂದು ಅಳೆಯುತ್ತಿದ್ದಾರೆ ಅನಿಸುತ್ತಿತ್ತು. ನಾನು ಕೋಣೆಗೆ ಕಾಲಿಟ್ಟಾಗ ಅವರು ಡ್ರಾಯರ್ ಮುಚ್ಚಿದರೆ ಸಾಕು, ನನ್ನ ಕಿವಿ ಬಿಸಿಯಾಗುತ್ತಿತ್ತು. ಕನ್ನಡಕದ ಡಬ್ಬಿ ಇಡಲು ತೆರೆದಿದ್ದರೂ ಅದು ನನ್ನ ಅರ್ಜಿಯ ಡ್ರಾಯರೇ.

ಆ ಭಾನುವಾರದ ಹಿಂದಿನ ದಿನ ಅಕ್ಕನಿಂದ ಕಾಗದ ಬಂದಿತ್ತು. ಗೌರಿಯ ಕಾಲುಗಳು ಬಾತಿವೆ, ನೀನು ಬಂದರೆ ಧೈರ್ಯ, ಎಂದು ಬರೆಸಿದ್ದಳು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಬೆಳಿಗ್ಗೆ ಚೀಲ ಹೊತ್ತೆ.

ರಾಯರು ಅಂದು ಆಡಿದಂತೆ ಹಿಂದೆಂದೂ ಆಡಿರಲಿಲ್ಲ. ಎಂಟು ಕುಳಿ ಮುಗಿದಾಗ ನನ್ನ ಚೀಟಿಯಲ್ಲಿ ಮೂವತ್ತನಾಲ್ಕು. ಕೊನೆಯದನ್ನು ಐದರಲ್ಲಿ ಮುಗಿಸಿದರೆ ಮೂವತ್ತೊಂಬತ್ತು. ಅವರಿಗೆ ಸಂಖ್ಯೆ ಗೊತ್ತಿಲ್ಲದಿದ್ದರೂ ದೇಹಕ್ಕೆ ಗೊತ್ತಾಗಿತ್ತು. ಕರವಸ್ತ್ರ ಮತ್ತೆ ಮತ್ತೆ ಹೊರಗೆ ಬರುತ್ತಿತ್ತು. “ಏನು ಸಾರು?” ಎಂದು ಕೇಳಿದವರು ನನ್ನ ಉತ್ತರ ಕೇಳಿಸಿಕೊಳ್ಳಲಿಲ್ಲ.

ಆಗ ನಾನು ಹೇಳಿದೆ — “ಐದರಲ್ಲಿ ಮುಗಿಸಿದ್ರೆ ಮೂವತ್ತೊಂಬತ್ತು ಸಾರ್.”

ಹುರಿದುಂಬಿಸುವವನ ದನಿಯಲ್ಲೇ ಹೇಳಿದೆ. ಮುಖದಲ್ಲಿ ನಗುವೂ ಇತ್ತು. ಅವರು ಕೋಲು ಹಿಡಿದವರು ಹಾಗೇ ನಿಂತುಬಿಟ್ಟರು. “ಹೇಳ್ಬಾರದಿತ್ತು ನಾಗಪ್ಪ” ಎಂದರು, ಮೆಲ್ಲಗೆ. ಕೋಪವಿರಲಿಲ್ಲ. ಕೋಲಿನ ಹಿಡಿತವನ್ನು ಮತ್ತೆ ಮತ್ತೆ ಬದಲಿಸುವುದು ನನಗೆ ಕಾಣುತ್ತಿತ್ತು. ಕಾಣಲೆಂದೇ ನೋಡುತ್ತಿದ್ದೆ.

ಆಮೇಲೆ ಅವರು ಮಾಡಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಕೋಲು ಕೆಳಗಿಟ್ಟರು. ಬೂಟು ಬಿಚ್ಚಿದರು. ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ದೂರದಲ್ಲಿ ಮೇಯುತ್ತಿದ್ದ ಎಮ್ಮೆಗಳನ್ನು ನೋಡತೊಡಗಿದರು. ಐದು ನಿಮಿಷವೋ ಹತ್ತೋ. “ಹೆದರಿಕೆ ಆಗ್ತಿದೆ” ಎಂದು ತಮಗೆ ತಾವೇ ಹೇಳಿಕೊಂಡರು. “ಆಗ್ಲಿ. ಹೆದರ್ಕೊಂಡೇ ಹೊಡೆಯೋಣ.” ಎದ್ದು ಬೂಟು ಹಾಕಿ, ಲಾಡಿ ಬಿಗಿದು, ಹೊಡೆದರು. ನೆಟ್ಟಗೆ ಹೋಯಿತು.

ಎರಡನೆಯ ಹೊಡೆತ ಸ್ವಲ್ಪ ಓರೆಯಾಗಿ ಚೆಂಡು ಲಂಟಾನದ ಮಟ್ಟಿಯ ಅಂಚಿಗೆ ಬಿತ್ತು. ಅವರು ಬಗ್ಗಿ ಚೆಂಡಿನ ಮುಂದಿದ್ದ ಒಂದು ಒಣಗಿದ ಎಲೆಯನ್ನು ಬೆರಳಲ್ಲಿ ಎತ್ತಿ ಹಾಕಿದರು. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಕಣ್ಣು ಮಿಟುಕಿಸದೆ ನೋಡಿದೆ — ತಪ್ಪಿಗಾಗಿಯೇ ಕಾಯುತ್ತಿದ್ದವನು ನಾನು. ಚೆಂಡು ಅಲುಗಲಿಲ್ಲ. ಕೂದಲೆಳೆಯಷ್ಟೂ ಅಲುಗಲಿಲ್ಲ. ಮೂರನೆಯದರಲ್ಲಿ ಮರಳಿನ ಅಂಗಳಕ್ಕೆ ಬಂದರು. ನಾಲ್ಕನೆಯದು ಡಬ್ಬಿಯ ಅಂಚಿನವರೆಗೆ. ಐದನೆಯದು ಒಳಗೆ, ಟಣ್ ಎಂದು ಸದ್ದಾಯಿತು.

ರಾಯರು ನನ್ನತ್ತ ತಿರುಗಿದರು. ಐವತ್ತು ವರ್ಷದ ಮುಖ ಹಾಗೆ ಬೆಳಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. “ಎಷ್ಟಾಯ್ತ್ರೀ?” ಎಂದರು, ಗೊತ್ತಿದ್ದೂ.

“ನಲವತ್ತು ಸಾರ್” ಎಂದೆ. “ಮಟ್ಟಿ ಹತ್ರ ಎಲೆ ತೆಗೆಯೋವಾಗ ಚೆಂಡು ಅಲುಗ್ತು.”

ಅಲುಗಿದ್ದರೆ ಅದೂ ಒಂದು ಹೊಡೆತದ ಲೆಕ್ಕ. ಆ ನಿಯಮ ನನಗೆ ಕಲಿಸಿದವರೂ ಅವರೇ.

“ಅಲುಗ್ತಾ?”

“ನಾನು ನೋಡ್ದೆ ಸಾರ್.”

ಅವರು ಮಟ್ಟಿಯ ಕಡೆ ನೋಡಿದರು. ತಮ್ಮ ಬೆರಳುಗಳನ್ನು ನೋಡಿಕೊಂಡರು. ವಾದ ಮಾಡುತ್ತಾರೆ, ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. “ನನಗೆ ತಿಳೀಲೇ ಇಲ್ಲವಲ್ಲ...” ಎಂದರು. ಆಮೇಲೆ, “ನೀವು ನೋಡಿದೀರಿ ಅಂದ್ಮೇಲೆ ಆಯ್ತು. ನಲವತ್ತು ಬರೀರಿ.”

ಬರೆದೆ. ಕೆಳಗೆ ಗೆರೆಯನ್ನೂ ಎಳೆದೆ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮುಂದಿನ ಭಾನುವಾರ ಅವರು ಆಡುವುದಕ್ಕಿಂತ ಹೆಚ್ಚು ಕೇಳಿದರು. “ಹಿಂದೇನೂ ನಾನು ಹೀಗೆ ಮಾಡಿದ್ದುಂಟಾ? ನೀವು ಸಂಕೋಚಕ್ಕೆ ಸುಮ್ಮನಿದ್ದಿರಾ? ಆ ನಲವತ್ತೊಂದು ನಿಜಾನಾ?” “ಇಲ್ಲ ಸಾರ್” ಎಂದೆ, ಅವರು ನಂಬಲಿಲ್ಲ. ನನ್ನ ಸುಳ್ಳನ್ನು ನಂಬಿದವರು ನಿಜವನ್ನು ನಂಬಲಿಲ್ಲ. ಚೆಂಡಿನ ಹತ್ತಿರ ಹೋದರೆ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುವರು. ಎರಡು ಮೂರು ವಾರದಲ್ಲಿ ಆಟ ನಿಂತಿತು. ಬಾವುಟಗಳ ಬಟ್ಟೆ ಯಾರೋ ಬಿಚ್ಚಿಕೊಂಡು ಹೋದರು.

ಕಚೇರಿಯಲ್ಲೂ ಅದು ಕಾಣತೊಡಗಿತು. ಬಳ್ಳಿಗಾವಿಯ ಕಡೆ ಕಾಲುವೆ ಅಳೆಯಲು ಹೋದಾಗ ಒಂದೇ ಜಾಗಕ್ಕೆ ಮೂರು ಸಲ ಸರಪಳಿ ಹಿಡಿಸಿದರು. “ನೀವೂ ನೋಡಿ, ನನ್ನ ಕಣ್ಣು ನಂಬಬೇಡಿ” ಎನ್ನುತ್ತಿದ್ದರು. ಕೂಲಿಯವರು ಮರೆಯಲ್ಲಿ ನಗುತ್ತಿದ್ದರು. ನಾನು ಸರಪಳಿಯ ಇನ್ನೊಂದು ತುದಿ ಹಿಡಿದು ನಿಂತಿದ್ದೆ.

ನನ್ನ ವರ್ಗದ ಆದೇಶ ಬಂದದ್ದು ಆ ಭಾನುವಾರವಾಗಿ ಮೂರು ತಿಂಗಳ ಒಳಗೆ. ರಾಯರು ಕೋಣೆಗೆ ಕರೆದು, ಕೂರಲು ಹೇಳಿ, ಕಾಗದ ಕೊಟ್ಟರು. ನಾನು ಎದ್ದು ಕೈಮುಗಿಯಲು ಹೋದಾಗ ತಡೆದರು.

“ಕೈ ಮುಗೀಬೇಡಿ. ನಿಮ್ಮ ಅರ್ಜೀನ ಎರಡು ತಿಂಗಳಿಗೂ ಹೆಚ್ಚು ಇದೇ ಡ್ರಾಯರ್‌ನಲ್ಲಿ ಇಟ್ಕೊಂಡಿದ್ದೆ. ನೀವು ಹೋದ್ರೆ ನನ್ನ ಆಟಕ್ಕೆ ಯಾರೂ ಇರಲ್ಲ ಅಂತ. ನಿಮ್ಮ ಮನೆಯವರ ಸ್ಥಿತಿ ಗೊತ್ತಿದ್ದೂ ಇಟ್ಕೊಂಡೆ. ತಪ್ಪು ಮಾಡಿದೆ, ನಾಗಪ್ಪ. ಕ್ಷಮಿಸಿ.”

ನನ್ನ ಅನುಮಾನ ನಿಜವಾಗಿತ್ತು. ಗೆದ್ದೆ ಎನಿಸಬೇಕಿತ್ತು.

ಅವರು ಮುಂದುವರಿಸಿದರು: “ಅವತ್ತು ಚೆಂಡು ಅಲುಗ್ತು ಅಂತ ನೀವು ಹೇಳ್ದಾಗ ನಾನು ಯಾಕೆ ಒಪ್ಕೊಂಡೆ ಗೊತ್ತಾ? ಅರ್ಜಿ ಬಚ್ಚಿಡೋ ಮನುಷ್ಯ ಚೆಂಡನ್ನೂ ತಳ್ಳಿರ್ತಾನೆ ಅನ್ನಿಸ್ತು. ತನಗೇ ಗೊತ್ತಾಗದ ಹಾಗೆ.”

ಅದೇ ಕ್ಷಣ. ಒಂದು ವಾಕ್ಯ ಸಾಕಿತ್ತು. ಆದೇಶದ ಕಾಗದ ನನ್ನ ಕೈಯಲ್ಲಿತ್ತು — ನಿಜ ಹೇಳಿದರೆ ಅದನ್ನು ಹಿಂದಕ್ಕೆ ಕಸಿದುಕೊಂಡಾರೇನೋ ಎಂದು ಆಗಲೂ, ಆಗಲೂ ನಾನು ಅವರನ್ನು ಅನುಮಾನಿಸಿದೆ. “ಇರ್ಲಿ ಬಿಡಿ ಸಾರ್, ಆಗಿದ್ದಾಯ್ತು” ಎಂದೆ. ಕ್ಷಮಿಸಿದವನ ಗತ್ತಿನಲ್ಲಿ ಹೊರಗೆ ಬಂದೆ. ಮಧ್ಯಾಹ್ನದ ಬಸ್ಸಿಗೆ ಸೊರಬ ಸೇರಿದೆ. ತಿಂಗಳೊಳಗೆ ಮಗಳು ಹುಟ್ಟಿದಳು, ಬದುಕಿದಳು. ಆ ಸಂತೋಷದ ಅಡಿಯಲ್ಲಿ ಇದನ್ನು ಹೂತುಬಿಟ್ಟೆ.

ನಿವೃತ್ತನಾದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರಿಂದ ರಾಯರು ತೀರಿಕೊಂಡ ಸುದ್ದಿ ತಿಳಿಯಿತು. ರಾಯರ ಹೆಂಡತಿ ಕಮಲಮ್ಮ ಮೈಸೂರಿನಲ್ಲಿ ತಂಗಿಯ ಜೊತೆ ಇದ್ದಾರೆಂದೂ ಹೇಳಿದರು. ಹೋದೆ. ಶಿಕಾರಿಪುರದ ನಾಗಪ್ಪ ಎಂದಾಗ ಆಕೆಗೆ ಗುರುತು ಹತ್ತಿತು; ಕುರ್ಚಿ ಹಾಕಿ ಕೂರಿಸಿದರು. ನಾನು ಎಲ್ಲ ಹೇಳಿದೆ — ಎಲೆ, ಚೆಂಡು, ನಲವತ್ತು. ಆಟದ ವಿಷಯ ಆಕೆಗೆ ಹೆಚ್ಚು ತಿಳಿಯದು. ಮೊದಲು ಸುಮ್ಮನೆ ತಲೆ ಆಡಿಸುತ್ತಿದ್ದರು. ಆಮೇಲೆ ತಲೆ ಆಡಿಸುವುದು ನಿಂತಿತು.

“ಆ ಊರು ಬಿಡೋ ಹೊತ್ತಿಗೆ ಶುರುವಾಗಿತ್ತು” ಎಂದರು. “ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬರೋರು. ಹಾಕಿದೆನಾ, ನೀನು ನೋಡಿದೆಯಾ ಅನ್ನೋರು. ತಾವೇ ರುಜು ಮಾಡಿದ ಕಾಗದ ತೋರ್ಸಿ ಇದು ನನ್ನ ರುಜುನೇನಾ ಅಂತ ಕೇಳೋರು. ವಯಸ್ಸಾಯ್ತು, ಮರೆವು ಅಂದ್ಕೊಂಡೆ. ಬೈತಿದ್ದೆ ಕಣ್ರೀ. ನಾಲ್ಕು ಜನರ ಮುಂದೇನೂ ಬೈದಿದೀನಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. “ಅವರು ಇದ್ದಾಗ ಬಂದಿದ್ರೆ—”

ನನ್ನ ಭಾರ ಇಳಿಸಲು ಹೋದವನು ಆಕೆಯ ಮಡಿಲಿಗೆ ಹೊಸದೊಂದು ಹಾಕಿ ಎದ್ದುಬಂದೆ.

ಅರ್ಜಿ ಡ್ರಾಯರಿನಲ್ಲಿದ್ದ ಸಂಗತಿ ಮಾತ್ರ ಆಕೆಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಮೇಲಿನ ತಪ್ಪು ಸ್ವಲ್ಪ ಹಗುರಾಗಿ ಕಾಣುತ್ತಿತ್ತು. ಇಲ್ಲಿ ಬರೆದಿರುವುದೂ ಹಗುರಾಗಲೆಂದಲ್ಲ. ರಾಯರು ತಮ್ಮ ತಪ್ಪನ್ನು ಕೆಲವೇ ತಿಂಗಳಲ್ಲಿ, ತಮ್ಮ ಕೈಕೆಳಗಿನವನನ್ನು ಎದುರಿಗೆ ಕೂರಿಸಿಕೊಂಡು ಒಪ್ಪಿಕೊಂಡರು. ನನಗೆ ಮೂವತ್ತು ವರ್ಷ ಬೇಕಾಯಿತು — ಅದೂ ಕೇಳಬೇಕಾದವರು ಇಲ್ಲವಾದ ಮೇಲೆ.