ಗಲೀನಾ ಹೆಸರಿಗೆ ದೇವಿ ಕೊಟ್ಟ ಹೂ

ಹಾಸ್ಟೆಲ್ ಗೇಟಿನ ಬಳಿ ಹೂ ಮಾರುವವಳ ಬುಟ್ಟಿಯಿಂದ ಮರುಗದ ವಾಸನೆ ಬಂತು. ಇಂಟರ್ನಲ್ಸ್ ಟೆನ್ಷನ್ ಮರೆತು ಪಿರಿಯಾಪಟ್ಟಣದ ಹತ್ತಿರದ ನಮ್ಮೂರ ಗುಡಿಗೆ ನೆನಪಿನಲ್ಲೇ ಹೋಗಿಬಿಟ್ಟೆ.

ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು. ಅದರಲ್ಲಿ ಬೈಲಕುಪ್ಪೆಗೆ ಬಂದಿದ್ದ ರಷ್ಯದ ಹೆಂಗಸೊಬ್ಬರ ಹೆಸರನ್ನೇ ಆಗಷ್ಟೇ ಹುಟ್ಟಿದ್ದ ನನ್ನ ತಂಗಿಗೆ ಇಡಬೇಕೆಂದು ಅವರ ಹಟ: ಗಲೀನಾ.

"ದೇವಿ ಬಲಗಡೆ ಹೂ ಕೊಟ್ರೆ ಮಡಗು, ಇಲ್ದಿದ್ರೆ ಬುಡು," ಅಂದಳು ಅಜ್ಜಿ.

ಎಷ್ಟು ಹೊತ್ತಾದರೂ ಹೂ ಬೀಳಲಿಲ್ಲ. ಅಪ್ಪನ ಮುಖ ಸಪ್ಪಗಾಯಿತು.

"ಅರ್ಥ ಯೋಳ್ದೆ ಕೇಳಿದ್ರೆ ತಾಯಿ ಹೆಂಗ್ಲಾ ಕೊಟ್ಟಾಳು?" ಎಂದು ಅಜ್ಜಿ ಗದರಿದಳು. ಅಪ್ಪ ಅವಳ ಕಿವಿಯಲ್ಲಿ ಅರ್ಥ ಹೇಳಿದರು. ಅಜ್ಜಿ ದೇವಿಗೆ ಕೈಮುಗಿದು ಜೋರಾಗಿ ವಿವರಿಸಿದಳು: "ರಷ್ಯದೋರ ಹೆಸ್ರು ಕಣವ್ವ, ಮೂಲ ಗ್ರೀಕರದ್ದಂತೆ. ಶಾಂತವಾಗಿರೋಳು ಅಂತ!"

ಬಲಗಡೆಯ ಹೂ ಟಪ್ಪನೆ ಬಿತ್ತು.

ಈಗಷ್ಟೇ ಮನೆಗೆ ಫೋನ್ ಮಾಡಿದೆ. "ಗಲೀನಮ್ಮಾ, ನಿಮ್ಮಕ್ಕ ಕಣೇ, ಓಡ್ಬಾ!" ಎಂದು ಅಜ್ಜಿ ಕೂಗಿದ್ದು ಕೇಳಿ, ಪುಸ್ತಕ ಮುಚ್ಚಿಟ್ಟು ನಕ್ಕೆ.